ಅರ್ಧ ನೂಲು ಫರಕು

ಕೂಸಿನ ಮುಖಕ್ಕೆ ಕೈವಾರ ಇಡುವಾಗ ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿಯುತ್ತಿದ್ದೆ. ಅಳುತ್ತಿದ್ದರೆ ಅಳತೆ ತಪ್ಪುತ್ತದೆ. ಆದ್ದರಿಂದ ಅದು ಅತ್ತು ದಣಿಯುವವರೆಗೆ ಕಾಯುತ್ತಿದ್ದೆ. ತಾಯಿ ಏನೂ ಮಾಡಲಾಗದೆ ಎದುರಿಗೆ ನಿಂತಿರುತ್ತಿದ್ದಳು. ಅದು ನನಗೆ ಹಿತವಾಗಿತ್ತು.

ಏಕೀಕರಣದ ಕೂಗು ಜೋರಾಗಿದ್ದ ಆ ವರ್ಷಗಳಲ್ಲಿ ನಾನು ಮೆಟ್ರಿಕ್ ಮುಗಿಸಿ ಗದಗಿನ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ನಮ್ಮ ಡಾಕ್ಟರರು ಸೀಳುತುಟಿಯ ಕೂಸುಗಳಿಗೆ ಹೊಲಿಗೆ ಹಾಕುತ್ತಿದ್ದರು. ಹೊಲಿಗೆಗೆ ಮುಂಚೆಯೂ ಆಮೇಲೂ ಮೂಗಿನ ನಡುವಿನಿಂದ ಎರಡೂ ಹೊಳ್ಳೆಗಳಿಗೆ, ತುಟಿಯ ಎರಡೂ ತುದಿಗಳಿಗೆ ಎಷ್ಟು ಅಂತರವೆಂದು ಅಳೆಯುವುದು ನನ್ನ ಕೆಲಸ. ಕಲಿಸುವಾಗ ಅವರು ನನ್ನ ಮುಖವನ್ನೇ ಅಳೆದು ತೋರಿಸಿದ್ದರು. ಎಡಕ್ಕೂ ಬಲಕ್ಕೂ, ಬಡಿಗರ ಲೆಕ್ಕದಲ್ಲಿ, ಒಂದು ನೂಲಿನ, ಅಂದರೆ ಇಂಚಿನ ಎಂಟನೇ ಒಂದು ಪಾಲಿನ ಫರಕಿತ್ತು. ಎರಡೂ ಕಡೆ ಸಮ ಇರುವ ಮುಖ ಯಾರಿಗೂ ಇಲ್ಲ ಎಂದಿದ್ದರು.

ಬೆಳ್ಳಟ್ಟಿಯಿಂದ ಒಬ್ಬ ಸೊಸೆ ಹೆಣ್ಣುಕೂಸನ್ನು ತಂದಳು, ಜೊತೆಗೆ ಅತ್ತೆ. ಗ್ರಹಣದಲ್ಲಿ ಇವಳು ಕಾಯಿಪಲ್ಲೆ ಹೆಚ್ಚಿದ್ದಕ್ಕೇ ಹೀಗಾಯಿತೆಂದು ಅತ್ತೆ ಕಂಡವರಿಗೆಲ್ಲ ಹೇಳಿದಳು. ಕೂಸಿನ ಮುಖ ನೆಟ್ಟಗಾದರೆ ಸೊಸೆ ಬೆಳ್ಳಟ್ಟಿಗೆ, ಇಲ್ಲದಿದ್ದರೆ ಕೂಸಿನ ಸಮೇತ ತವರಾದ ಹಮ್ಮಿಗಿಗೆ ಎಂದು ಮನೆಯಲ್ಲಿ ಮಾತಾಗಿತ್ತಂತೆ. ಇಷ್ಟಾದರೂ ಆ ಹುಡುಗಿ ನಗುತ್ತಿದ್ದಳು. ನಾನು ಮೊದಲ ಸಲ ಕೈವಾರ ತೆಗೆದಾಗ ಕೇಳಿದಳು:

"ಅಣ್ಣಾರ, ಬಾಗಲಾ ಕುಂಡ್ರಸಾಕ ಅಳತಿ ತಗೋಳಾಕತ್ತೀರೇನ್ರಿ?"

ಸಾಲಿನಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ಅಂದಿನಿಂದ ದವಾಖಾನೆಯ ಆಯಾಗಳು ಕೂಡ ನನ್ನನ್ನು ಬಡಿಗ್ಯಾ ಎನ್ನತೊಡಗಿದರು.

ಹೊಲಿಗೆ ಚೆನ್ನಾಗಿ ಕೂಡಿತು. ಅದನ್ನು ಬಿಚ್ಚುವ ಹಿಂದಿನ ದಿನ ಡಾಕ್ಟರರು ಊರಲ್ಲಿರಲಿಲ್ಲ. ನಾನು ಅಳೆದು ಮುಗಿಸಿದಾಗ, ಎರಡೂ ಕಡೆ ಸರಿ ಬಂತೇ ಎಂದು ಅತ್ತೆ ಕೇಳಿದಳು. ಸೊಸೆ ನನ್ನ ಬಾಯನ್ನೇ ನೋಡುತ್ತಿದ್ದಳು. ಬಂತು ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲಬೇ ಯವ್ವಾ. ಎಡಗಡೆ ಹೊಳ್ಳಿ ಅರ್ಧ ನೂಲು ಕೆಳಗ ಐತಿ. ಫರಕು ಉಳೀತು."

ಅಳತೆಯೇನೂ ಸುಳ್ಳಲ್ಲವಲ್ಲ ಎಂದುಕೊಂಡೆ.

"ಅರ್ಧ ನೂಲಲ್ಲೋ ತಮ್ಮಾ?" ಎಂದಳು ಅತ್ತೆ. "ನಾ ಹಡದ ಮಕ್ಕಳ ಮೂಗೆಲ್ಲ ನಾನ ತಿದ್ದೀನಿ."

ನಮ್ಮ ಕಡೆ ಕೂಸಿಗೆ ನೀರು ಎರೆಯುವಾಗ ಎಣ್ಣೆ ಹಚ್ಚಿ, ಮೂಗು ಎತ್ತಿ, ಗಲ್ಲ ಒತ್ತಿ ಮುಖಕ್ಕೆ ರೂಪು ಕೊಡುತ್ತಾರೆ. ಅತ್ತೆ ಕಾಲು ಚಾಚಿ ಕೂಸನ್ನು ಮೇಲೆ ಹಾಕಿಕೊಂಡಳು. ಸೊಸೆ ಅಡ್ಡ ಬಂದಳು. ಬೇಡವೆಂದು ನೀವಾದರೂ ಹೇಳಿರೆಂದು ನನ್ನನ್ನು ಬೇಡಿಕೊಂಡಳು. ನಾನು ಕೈವಾರದ ಮೊನೆಗಳನ್ನು ಸ್ಪಿರಿಟ್ಟಿನಿಂದ ಒರೆಸುತ್ತ ನಿಂತೆ. ಹೊಲಿಗೆ ಕಿತ್ತು ಬಂತು. ಕೂಸಿನ ಬಾಯಿ ತುಂಬ ರಕ್ತ.

ಡಾಕ್ಟರರು ಬಂದು ಕೇಳಿದಾಗ, ಮೂಗು ತಿದ್ದಬೇಡವೆಂದು ತಾಯಿಗೆ ಎಷ್ಟೋ ಹೇಳಿದೆ, ಅವಳು ಕೇಳಲಿಲ್ಲ ಎಂದೆ. ಅತ್ತೆಯೂ ಹೌದೆಂದಳು. ಅವರು ಸೊಸೆಯನ್ನು ಎಲ್ಲರೆದುರು ಬೈದು, ಗಾಯ ಪೂರ್ತಿ ಮಾಯ್ದ ಮೇಲೆ ಕೂಸನ್ನು ತಂದರೆ ಮತ್ತೆ ಹೊಲಿಯುವುದಾಗಿ ಹೇಳಿದರು.

ಅತ್ತೆ ಒಬ್ಬಳೇ ಬೆಳ್ಳಟ್ಟಿಗೆ ಹೋದಳು. ಸೊಸೆ ಹಮ್ಮಿಗಿಗೆಂದು ಮುಂಡರಗಿಯ ಬಸ್ಸಿಗೆ ಹೊರಡುವ ಮುನ್ನ ಔಷಧ ಕೊಡುವ ಕಿಟಕಿಗೆ ಬಂದಳು.

"ಮುಂದ ಬಂದಾಗೂ ಅಳತಿ ಹಿಡಿಯೋರು ನೀವ ಏನ್ರಿ?"

ಹೌದು, ಇಲ್ಲಿ ಬೇರೆ ಯಾರಿದ್ದಾರೆ ಎಂದೆ.

ಅವಳು ಕೂಸಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ಹೋದಳು. ವರ್ಷವಾಯಿತು, ಬರಲಿಲ್ಲ. ಡಾಕ್ಟರರು ಒಮ್ಮೆ ನೆನಪಿಸಿಕೊಂಡು, ಎಂಥ ತಾಯಿಯೋ ಅವಳು ಎಂದರು. ನಾನು ಹೂಂ ಎಂದೆ.