ಬಾಜೂ ಮನೆಯ ನೀರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಶಾಲಾ ಶಿಕ್ಷಕಿ. ಸರ್ಕಾರದ ಯಾವ ಲೆಕ್ಕ ಬಂದರೂ, ದನದ್ದಿರಲಿ ಜನದ್ದಿರಲಿ, ನಮ್ಮ ಕೊರಳಿಗೇ ಬೀಳುತ್ತಿತ್ತು. ಆ ಸಲ ಬಂದದ್ದು ನೀರಿನ ಸಮೀಕ್ಷೆ. ಯಾವ ಊರಿನ ಹೆಣ್ಣುಮಕ್ಕಳು ನೀರಿಗೆ ಹೆಚ್ಚು ದೂರ ನಡೆಯುತ್ತಾರೋ ಆ ಊರಿಗೆ ಹೊಸ ಬೋರಿಂಗು, ಕೈಪಂಪಿನ ಕೊಳವೆಬಾವಿ, ಎಂದಿದ್ದರು.

ನಮ್ಮ ಮೇಲಿನ ಓಣಿಗೆ ಅದು ಬೇಕೇ ಬೇಕಿತ್ತು. ಅಲ್ಲಿಯ ಹೆಂಗಸರು ಹಳ್ಳದ ಬಾವಿಯಿಂದ ಕೊಡ ಹೊತ್ತು ದಿಬ್ಬ ಏರುವುದನ್ನು ದಿನಾ ಬಸ್ಸಿಳಿದಾಗ ನೋಡುತ್ತಿದ್ದೆ. ಆದರೂ ಸುಮ್ಮನೆ ಹೊರಡುವ ಜೀವ ನನ್ನದಲ್ಲ. ಪೆನ್ನು ಕೈಕೊಟ್ಟೀತೆಂದು ಇನ್ನೊಂದು ಪೆನ್ನು, ಅದೂ ಕೈಕೊಟ್ಟೀತೆಂದು ಪೆನ್ಸಿಲ್ಲು, ನಾಯಿ ಬಂದೀತೆಂದು ಕೊಡೆ. ಜನ ಏನು ಹೇಳಬಹುದು ಎಂಬುದೊಂದನ್ನು ಮಾತ್ರ ಚಿಂತಿಸಿರಲಿಲ್ಲ.

ಮೊದಲ ಮನೆಯಾಕೆ ಆಗಷ್ಟೇ ಕೊಡ ಇಳಿಸಿ ಏದುಸಿರು ಬಿಡುತ್ತಿದ್ದಳು.

“ನೀರು ಎಲ್ಲಿಂದ ತರತೀರಿ?”

“ಇಲ್ಲೇ ರೀ ಅಕ್ಕೋರ, ಬಾಗಲದಾಗ.”

ಎರಡನೆಯ ಮನೆಯಲ್ಲೂ ಬಾಗಿಲಲ್ಲೇ. ಮೂರನೆಯದರಲ್ಲಿ ಹಿತ್ತಲಲ್ಲೇ. ಓಣಿ ಮುಗಿಯುವಷ್ಟರಲ್ಲಿ, ನನ್ನ ಬರಹದ ಪ್ರಕಾರ, ಅಲ್ಲಿ ಗಂಗೆಯೇ ಹರಿಯುತ್ತಿದ್ದಳು. ಬೋರಿಂಗು ಪಕ್ಕದೂರಿಗೆ ಹೋಗುವುದು ಖಾತ್ರಿಯಾಯಿತು.

ಮೊದಲ ಮನೆಗೇ ತಿರುಗಿ ಹೋಗಿ, “ಹಿಂಗ್ಯಾಕ ಹೇಳಿದ್ರೆವಾ?” ಎಂದೆ.

ಆಕೆ ದನಿ ತಗ್ಗಿಸಿದಳು. “ಮಗಗ ಕನ್ಯಾ ನೋಡಾಕ ಹತ್ತೇವ್ರಿ. ನೀರು ದೂರ ಐತಿ ಅಂದ್ರ ಈ ಓಣಿಗೆ ಯಾರ ಹೆಣ್ಣ ಕೊಡತಾರ? ನಮ್ಮದೇನೋ ನಡಿತೈತಿ. ಆ ಬಾಜೂ ಮನ್ಯಾಕಿ ನೋಡ್ರಿ, ಪಾಪ, ಬಾಣಂತಿತನ ಇನ್ನೂ ಮುಗಿದಿಲ್ಲ, ಹಳ್ಳದ ಬಾವಿಗೆ ಹೋಗತಾಳ. ಅದನ್ನ ಬರಕೊಳ್ರಿ.”

ಬರೆದುಕೊಂಡು ಪಕ್ಕದ ಆ ಬಾಜೂ ಮನೆಗೆ ಹೋದೆ. ತನ್ನ ನೀರು ಬಾಗಿಲಲ್ಲೇ ಎಂದಿದ್ದವಳು ಮೊದಲ ಮನೆಯಾಕೆಯದನ್ನು ಕೇಳಿದ್ದೇ ತಡ, “ಅಯ್ಯ, ಅಕಿದಾ? ಮೊಣಕಾಲ ಹಿಡಕೊಂಡ ದಿಬ್ಬ ಏರತಾಳ್ರಿ, ನಡುವ ಕುಂದರತಾಳ. ನಿಮ್ಮ ಮುಂದ ಭಾಳ ಬಡಿವಾರ ಹೇಳಿದ್ಲೇನ?” ಎಂದಳು.

ಅಲ್ಲಿಂದ ಪ್ರಶ್ನೆಯನ್ನೇ ಬದಲಿಸಿದೆ. ಪ್ರತಿ ಮನೆಯಲ್ಲೂ ಬಾಜೂ ಮನೆಯ ನೀರನ್ನು ಕೇಳಿದೆ. ಯಾರೂ ಜಿಪುಣತನ ಮಾಡಲಿಲ್ಲ. ಕೆಲವರು ಚಹಾ ಕೂಡ ಕೊಟ್ಟರು.

ಪಂಚಾಯಿತಿ ಸೆಕ್ರೆಟರಿ ಓದಿ ನಕ್ಕರು. “ಇದು ಸಮೀಕ್ಷಾನೋ ಚಾಡಿನೋ, ಅಕ್ಕೋರ?”

“ಚಾಡಿ ಅಂತನ ತಿಳೀರಿ. ಮುಂಜಾನೆ ಬಂದ ದಿಬ್ಬದ ಮ್ಯಾಲ ನಿಂದರ್ರಿ, ಖರೇನೋ ಸುಳ್ಳೋ ಗೊತ್ತಾಗತೈತಿ.”

ಹೇಳುವುದೇನೋ ಹೇಳಿದೆ; ಅವರು ಬರುವ ದಿನವೇ ಓಣಿಯೆಲ್ಲ ಮನೆಯಲ್ಲಿ ಕುಳಿತರೆ ಎಂದು ನನಗೆ ಅನ್ನ ಸೇರಲಿಲ್ಲ. ಅವರು ಬಂದರು, ಕೊಡಗಳ ಸಾಲು ನೋಡಿದರು, ಸಹಿ ಹಾಕಿದರು.

ಬೋರಿಂಗಿನ ಲಾರಿ ಮೇಲಿನ ಓಣಿಯ ತುದಿಗಿದ್ದ ನಮ್ಮ ಶಾಲೆಯ ಮುಂದೆ ನೆಲ ಕೊರೆಯುವಾಗ, ಬರೀ ಧೂಳು ಬಂದೀತೆಂದು ಹೆದರಿ ನಾನು ಒಳಗೆ ಮಗ್ಗಿ ಹೇಳಿಸುತ್ತ ಕೂತೆ. ಮಕ್ಕಳು ಕಿರುಚುತ್ತ ಹೊರಗೋಡಿದಾಗಲೇ ನೀರು ಬಿದ್ದದ್ದು ತಿಳಿಯಿತು.

ಸುಗ್ಗಿ ಮುಗಿದ ಮೇಲೆ ಆ ಮೊದಲ ಮನೆಗೆ ಹೆಣ್ಣಿನವರು ಬಂದರು. ಆಕೆ ಚಹಾಕ್ಕಿಂತ ಮೊದಲೇ ಹುಡುಗಿಯ ತಾಯಿಯನ್ನು ಬೋರಿಂಗಿಗೆ ಕರೆತಂದು, “ನೀವ ಹೊಡದ ನೋಡ್ರಿ. ನಿಮ್ಮ ಮಗಳಿಗೆ ಏನ ತ್ರಾಸ ಇಲ್ಲ,” ಎಂದಳು. ತಾಯಿ ಹೊಡೆದೇ ಹೊಡೆದಳು. ಸೀರೆಯ ಅಂಚು ತೊಯ್ದರೂ ಬಿಡಲಿಲ್ಲ. ಹಿಂದೆ ಪಾಳಿಯಲ್ಲಿ ನಿಂತಿದ್ದ ಬಾಜೂ ಮನೆಯಾಕೆ ರೇಗಿದಳು:

“ಹೆಣ್ಣ ಕೊಡೂದಾದ್ರ ಕೊಟ್ಟಬಿಡ್ರೆವಾ ಲಗೂನ. ನಮ್ಮ ಕೊಡ ತುಂಬಬೇಕು.”