ಡ್ರಿಲ್ ಮೇಷ್ಟ್ರ ಗಂಟಲು

ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರಿಗೆ ದೇವರು ಮೊಣಕಾಲು ಕೊಡುವಾಗ ಜಿಪುಣತನ ಮಾಡಿ, ಗಂಟಲು ಕೊಡುವಾಗ ಕೈ ಬಿಚ್ಚಿದ್ದ. ಇಪ್ಪತ್ತಾರು ವರ್ಷ ಅಂಗಳದಲ್ಲಿ ಕೂಗಿ ಕೂಗಿ, ಮೆಲ್ಲಗೆ ಮಾತಾಡುವುದೇ ಅವರಿಗೆ ಮರೆತುಹೋಗಿತ್ತು. "ಇವರು ಗುಟ್ಟು ಹೇಳಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ" ಎಂದು ಅವರ ಹೆಂಡತಿಯೇ ನಗುತ್ತಿದ್ದರು. ನಾನು ಗಣಿತದವಳು. ಪರೀಕ್ಷೆ ಹತ್ತಿರ ಬಂತೆಂದು ಅವರ ಆಟದ ಪಿರಿಯಡ್ ಕಿತ್ತುಕೊಳ್ಳುತ್ತಿದ್ದವಳೂ ನಾನೇ.

ಆ ವರ್ಷ ಮೇಲಿನಿಂದ ಆದೇಶ ಬಂತು: ಮಕ್ಕಳು ದಪ್ಪಗಾಗುತ್ತಿದ್ದಾರೆ, ದಿನಕ್ಕೊಂದು ಗಂಟೆ ಆಡಿಸಿ, ತಿಂಗಳಿಗೊಮ್ಮೆ ತೂಕ ನೋಡಿ. ತಲೆನೋವು ಸಾಲದು ಅಂತ ಇದೊಂದು ಬೇರೆ ಎಂದು ನಾವೆಲ್ಲ ಗೊಣಗಿದೆವು. ಮೇಷ್ಟ್ರು ಮಾತ್ರ ಮದುವೆ ಗೊತ್ತಾದವರ ಹಾಗೆ ಓಡಾಡಿದರು. ಕೈಯಾರೆ ಹಗ್ಗ ಕತ್ತರಿಸಿ, ತುದಿಗೆ ಗಂಟು ಹಾಕಿ, ಇಡೀ ಏಳನೇ ತರಗತಿಗೆ ಹಂಚಿದರು.

ಆ ತರಗತಿಯಲ್ಲೊಬ್ಬಳು ಹುಡುಗಿ, ಬೇಕರಿಯವರ ಮಗಳು. ಮೈ ಭಾರ, ಕಾಲು ಹಗುರ. ಗಂಟೆ ಹೊಡೆಯುವ ಮುಂಚೆಯೇ ಅಂಗಳದಲ್ಲಿರುತ್ತಿದ್ದಳು. ನಿಲ್ಲದೆ ನೂರಾ ಹತ್ತು ಸಲ ಹಗ್ಗ ಹಾರಿ, ಬೆವರು ಒರೆಸಿಕೊಂಡು, "ಸಾರ್, ಇನ್ನೊಂದ್ಸಲ ಎಣಿಸ್ತೀರಾ?" ಅನ್ನುವಳು.

"ಇವಳೊಬ್ಳು ಸಾಕು ಮೇಡಂ, ನಾನು ಸುಮ್ನೆ ಸಂಬಳ ತಿಂದಿಲ್ಲ" ಎಂದು ಮೇಷ್ಟ್ರು ನನ್ನ ಹತ್ತಿರ ಹೇಳಿಕೊಂಡಿದ್ದರು.

ಮೊದಲ ತೂಕದ ದಿನ ಯಂತ್ರ ಮೆಟ್ಟಿಲ ಕೆಳಗಿತ್ತು, ಬರೆದುಕೊಳ್ಳುವ ನನ್ನ ಮೇಜು ವರಾಂಡದ ಆ ತುದಿಯ ಬಾಗಿಲ ಹತ್ತಿರ. ನಡುವೆ ಮಕ್ಕಳ ಸಾಲು. ಮೇಷ್ಟ್ರು ಓಟದ ಫಲಿತಾಂಶದ ಹಾಗೆ ಅಂಕಿ ಕೂಗುತ್ತಿದ್ದರು. ಅವಳು ಹತ್ತಿದಳು.

"ಅರವತ್ತೆರಡೂವರೆ."

ಸಾಲು ಗೊಳ್ಳೆಂದಿತು. "ಸಾರ್, ಮಿಷನ್ ಮುರೀತಾ ನೋಡಿ" ಎಂದ ಹಿಂದಿನಿಂದ ಯಾವನೋ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಆ ಗದ್ದಲದಲ್ಲಿ ಅಂಕಿ ತಪ್ಪಿಹೋಯಿತು. "ಎಷ್ಟಂದ್ರಿ?" ಎಂದೆ. ಮೇಷ್ಟ್ರು ಇನ್ನಷ್ಟು ಜೋರಾಗಿ ಮತ್ತೊಮ್ಮೆ ಕೂಗಿದರು. ಅವಳು ಚಪ್ಪಲಿ ಹಾಕಿಕೊಂಡು, ಯಾರನ್ನೂ ನೋಡದೆ ತರಗತಿಗೆ ಹೋದಳು.

ಮಾರನೆಯ ದಿನದಿಂದ ಹೊಟ್ಟೆನೋವು. ಆಮೇಲೆ ಆಟ ಬೇಡವೆಂದು ಡಾಕ್ಟರ ಚೀಟಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಷ್ಟ್ರು ಯಂತ್ರವನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದು ತಂದರು, ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡತೊಡಗಿದರು. ಅವಳನ್ನು ಅಂಗಳಕ್ಕೆ ಕರೆತರಲೇಬೇಕೆಂದು ಬೇಕರಿಗೂ ಹೋದರು.

"ಊಟಾನೂ ಸರಿಯಾಗಿ ಮಾಡ್ತಿಲ್ಲ ಸಾರ್. ಏನಾಯ್ತೋ ಏನೋ. ನೀವೇ ಸ್ವಲ್ಪ ಬುದ್ಧಿ ಹೇಳಿ" ಎಂದರಂತೆ ಅವಳ ತಾಯಿ. ಮೇಷ್ಟ್ರು ಒಂದು ಬ್ರೆಡ್ಡು ಕೊಂಡು ವಾಪಸ್ ಬಂದರು.

ವರ್ಷದ ಕೊನೆಗೆ ತೂಕ ಇಳಿದ ಮಕ್ಕಳ ಪಟ್ಟಿಯಲ್ಲಿ ಅವಳೇ ಮೊದಲು. ಹೆಡ್‌ಮೇಷ್ಟ್ರು ಎಲ್ಲರೆದುರು ಡ್ರಿಲ್ ಮೇಷ್ಟ್ರ ಬೆನ್ನು ತಟ್ಟಿದರು. ಅಷ್ಟು ನಾಚಿಕೆಪಟ್ಟ ಮುಖವನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಹತ್ತನೇ ತರಗತಿ ಮುಗಿಸಿ ಅವಳು ಸರ್ಟಿಫಿಕೇಟ್ ತೆಗೆದುಕೊಳ್ಳಲು ಬಂದಳು. ಮಣಿಕಟ್ಟು ಕಡ್ಡಿಯಾಗಿತ್ತು. ಮೇಷ್ಟ್ರು ಎದ್ದು ನಿಂತರು.

"ಅವತ್ತು ನಾನು ಹಾಗೆ ಕೂಗಬಾರದಿತ್ತಮ್ಮ."

"ಯಾವತ್ತು ಸಾರ್?" ಎಂದಳು, ತುಂಬಾ ಮರ್ಯಾದೆಯಿಂದ. "ನಂಗೆ ಮೊದ್ಲಿಂದ್ಲೂ ಆಟ ಅಂದ್ರೆ ಇಷ್ಟಾನೇ ಇರ್ಲಿಲ್ಲ."

ಅವಳು ಗೇಟು ದಾಟುವ ತನಕ ಇಬ್ಬರೂ ನೋಡುತ್ತಿದ್ದೆವು. ಮೇಷ್ಟ್ರು ಕೂತರು. "ನೂರಾ ಹತ್ತು" ಎಂದರು, ನನಗಷ್ಟೇ ಕೇಳುವ ಹಾಗೆ. ಎಷ್ಟಂದ್ರಿ ಎಂದು ನಾನು ಕೇಳಲಿಲ್ಲ.