ಬಣ್ಣದಕ್ಕನ ಮೂರು ಕಪಾಟುಗಳು

ಆ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಬಣ್ಣದಕ್ಕ. ವಯಸ್ಸಿನಲ್ಲಿ ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಜವಾನನೂ ಅಕ್ಕ ಎಂದೇ ಕೂಗುತ್ತಿದ್ದ, ಅವಳೂ ಓಗೊಡುತ್ತಿದ್ದಳು. ಹಾಗೆಂದು ಅವಳೇನೂ ಜನ್ಮದಲ್ಲಿ ಒಂದು ಗೋಡೆಗೆ ಬಣ್ಣ ಬಳಿದವಳಲ್ಲ. ಬಣ್ಣ ಬಳಿಯುವ ಯಂತ್ರಗಳ ಕಾಗದಪತ್ರ ವಿಂಗಡಿಸುವುದು ಅವಳ ಕೆಲಸ.

ಪೇಟೆಂಟ್ ಕಚೇರಿ ಎಂದರೆ ಏನೋ ಘನವಾದದ್ದು ಎಂದು ಜನ ತಿಳಿದುಕೊಂಡಿರುತ್ತಾರೆ. ಒಳಗೆ ಹೋಗಿ ನೋಡಿದರೆ ಕಪಾಟುಗಳು, ಮತ್ತೆ ಕಪಾಟುಗಳು. ಯಾರೋ ಒಬ್ಬ ಹೊಸ ಯಂತ್ರ ಮಾಡಿ, ಇದು ನನ್ನದು, ಇನ್ಯಾರೂ ಮಾಡಕೂಡದು ಎಂದು ಅರ್ಜಿ ಹಾಕುತ್ತಾನೆ. ಅದು ನಿಜಕ್ಕೂ ಹೊಸದೋ ಅಥವಾ ಹಿಂದೆ ಯಾರಾದರೂ ಮಾಡಿಟ್ಟಿದ್ದೋ ಎಂದು ಪರೀಕ್ಷಕರು ಹುಡುಕಬೇಕು. ಹುಡುಕಿದಾಗ ಹಳೆಯದು ಸಿಗಬೇಕಾದರೆ, ಇಡುವಾಗ ಸರಿಯಾದ ಜಾಗದಲ್ಲಿ ಇಟ್ಟಿರಬೇಕು. ಆ ಇಡುವವಳೇ ಬಣ್ಣದಕ್ಕ. ಅವಳು ಅರ್ಜಿ ಓದಿ, ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆದರೆ ಮುಗಿಯಿತು, ಆ ಯಂತ್ರದ ಹಣೆಬರಹ ಅದೇ.

ಅವಳ ಪಾಲಿಗೆ ಮೂರು ಕಪಾಟುಗಳು ಬಂದಿದ್ದವು. ಬಣ್ಣವನ್ನೋ ವಾರ್ನಿಶನ್ನೋ ಗಾಳಿಯಲ್ಲಿ ಚಿಮ್ಮಿಸಿ ಸಿಂಪಡಿಸುವ ಯಂತ್ರಗಳು ಮೊದಲನೆಯದರಲ್ಲಿ. ರೋಲರು, ಕುಂಚ, ತೊಟ್ಟಿ ಎಂದು ಮುಟ್ಟಿಯೋ ಮುಳುಗಿಸಿಯೋ ಹಚ್ಚುವಂಥವು ಎರಡನೆಯದರಲ್ಲಿ. ಯಂತ್ರ ಯಾವುದಾದರೂ ಇರಲಿ, ಹಚ್ಚುವ ವಿಧಾನವೇ ಹೊಸದು ಎನ್ನುವವರ ಅರ್ಜಿಗಳು ಮೂರನೆಯದರಲ್ಲಿ. ಕೇಳಲು ಸುಲಭ. ಆದರೆ ಕೊಳವೆಯಿಂದ ಬಣ್ಣ ರೋಲರ್ ಮೇಲೆ ಚಿಮ್ಮಿ, ರೋಲರು ಅದನ್ನು ಹಲಗೆಗೆ ಬಳಿಯುವ ಯಂತ್ರ ಬಂತು ಎನ್ನಿ, ಅದು ಮೊದಲನೆಯದೋ ಎರಡನೆಯದೋ? ಇಂಥ ಕಡೆ ಕಲಿತವರೂ ತಲೆ ಕೆರೆದುಕೊಳ್ಳುತ್ತಾರೆ. ಬಣ್ಣದಕ್ಕ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅರೆ ನಿಮಿಷದಲ್ಲಿ ತೀರ್ಮಾನಿಸುತ್ತಿದ್ದಳು. ನಿಯಮಗಳ ಪುಸ್ತಕ ಅವಳಿಗೆ ಬಾಯಿಪಾಠ.

ಆ ಜಾಣತನವೇ ಅವಳ ಕಾಲಿಗೆ ತೊಡಕಾಯಿತು. ಗಂಡ ದೂರದ ಬಂದರಿನ ಊರಲ್ಲಿ, ಪೀಠೋಪಕರಣದ ಕಾರ್ಖಾನೆಯಲ್ಲಿ ಸ್ಪ್ರೇ ಗನ್ ಹಿಡಿಯುವವನು. ಮೇಜು ಕುರ್ಚಿಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಹೆಂಡತಿ ಕಾಗದದ ಮೇಲೆ ಮಾಡುವುದನ್ನು ಅವನು ಮರದ ಮೇಲೆ ಮಾಡುತ್ತಿದ್ದ. ಕಾರ್ಖಾನೆ ಆ ಊರಿಗೆ ಎದ್ದು ಹೋಗಿ ಹನ್ನೊಂದು ವರ್ಷ. ಹನ್ನೊಂದು ವರ್ಷದಿಂದಲೂ ಅವರದು ಭಾನುವಾರದ ಸಂಸಾರ. ಶನಿವಾರ ಕಚೇರಿ ಬಿಟ್ಟ ಕೂಡಲೇ ಅವಳು ಬಸ್ಸು ಹತ್ತಬೇಕು, ಆರು ಗಂಟೆ ಕೂರಬೇಕು, ಭಾನುವಾರ ಒಂದು ಊಟ ಒಟ್ಟಿಗೆ ಉಂಡು ಮತ್ತೆ ಬಸ್ಸು. ಮಕ್ಕಳಾಗಲಿಲ್ಲ. ಭಾನುವಾರದವರಿಗೆ ಮಕ್ಕಳು ಹೇಗಾಗಬೇಕು ಎಂದು ಅವಳ ಅತ್ತೆಯೇ ಒಮ್ಮೆ ನಗುತ್ತ ಅಂದುಬಿಟ್ಟಿದ್ದಳು. ಅವಳೂ ನಕ್ಕಿದ್ದಳು, ಆಮೇಲೆ ಬಚ್ಚಲಿಗೆ ಹೋಗಿ ಅತ್ತಿದ್ದಳು.

ಬಂದರಿನ ಊರಿನಲ್ಲಿ ಕಚೇರಿಯ ಚಿಕ್ಕ ಶಾಖೆಯೊಂದಿದೆ. ಅಲ್ಲಿಗೆ ವರ್ಗ ಕೊಡಿ ಎಂದು ಅವಳು ಒಂಬತ್ತು ಸಲ ಅರ್ಜಿ ಕೊಟ್ಟಿದ್ದಳು. ಒಂಬತ್ತು ಸಲವೂ ಒಂದೇ ಉತ್ತರ: ನಿಮ್ಮ ಜಾಗಕ್ಕೆ ಬಲ್ಲವರಿಲ್ಲ. ಹತ್ತನೆಯ ಸಲ, ಯಾವ ಪುಣ್ಯವೋ, ಮೇಲಿನಿಂದ ಮಂಜೂರಾಗಿ ಬಂತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ವಿಭಾಗದ ಮೇಡಂ ಒಂದು ಷರತ್ತು ಹಾಕಿದರು. ಅವಳ ಜಾಗಕ್ಕೆ ಬರುವವರು ನೂರು ಅರ್ಜಿಗಳಿಗೆ ಸಂಖ್ಯೆ ಹಾಕಬೇಕು. ಅವಳು ಹಿಂದೆ ಹಾಕಿಟ್ಟ ಸಂಖ್ಯೆಗಳಿಗೆ ತೊಂಬತ್ತಾದರೂ ತಾಳೆಯಾಗಬೇಕು. ತಿಂಗಳ ಕೊನೆಯೊಳಗೆ ಆದರೆ ಸರಿ. ಆಗದಿದ್ದರೆ ಶಾಖೆಯ ಹುದ್ದೆ ಬೇರೆಯವರಿಗೆ ಹೋಗುತ್ತದೆ.

ಗಂಡನಿಗೆ ಸುದ್ದಿ ಮುಟ್ಟಿದ್ದೇ ತಡ, ತಾನಿದ್ದ ಒಂಟಿ ಕೋಣೆ ಬಿಟ್ಟು ಎರಡು ಕೋಣೆಯ ಮನೆ ಹಿಡಿದ. ‘ಇನ್ನೂ ಆದೇಶ ಕೈಗೆ ಬಂದಿಲ್ಲಾರೀ, ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು’ ಎಂದು ಅವಳು ಗದರಿದಳು. ‘ಹೊಲಿಸಿದ್ರೆ ತಾನೇ ಕೂಸು ಬರೋದು’ ಎಂದು ಅವನು ಫೋನಿನಲ್ಲೇ ನಕ್ಕ.

ಅವಳ ಜಾಗಕ್ಕೆ ಬಂದವನನ್ನು ಎಲ್ಲರೂ ನೂಲಪ್ಪ ಎನ್ನುತ್ತಿದ್ದರು. ಹದಿನೈದು ವರ್ಷ ನೇಯ್ಗೆ ಯಂತ್ರಗಳ ವಿಭಾಗದಲ್ಲಿ ಇದ್ದವನು. ನಲವತ್ತು ದಾಟಿದ, ಮಾತು ಕಡಿಮೆಯ, ಓದುವಾಗ ತುಟಿ ಅಲ್ಲಾಡಿಸುವ ಮನುಷ್ಯ. ಮೊದಲ ಪರೀಕ್ಷೆಯಲ್ಲಿ ಎಪ್ಪತ್ತೊಂದು ತಾಳೆಯಾದವು. ಎರಡನೆಯದರಲ್ಲಿ ಎಪ್ಪತ್ತಮೂರು. ಬಣ್ಣದಕ್ಕ ಮನಸ್ಸಿನಲ್ಲೇ ಬೈದಳು: ಅರೆದು ಕುಡಿಸಿದರೂ ತಲೆಗೆ ಹತ್ತದಲ್ಲ ಇವನಿಗೆ, ಎಂಥಾ ಮೊದ್ದು! ತಪ್ಪಿದವನ್ನೆಲ್ಲ ಜೋಡಿಸಿ ನೋಡಿದಳು. ಹೆಚ್ಚುಕಡಿಮೆ ಎಲ್ಲವೂ ಒಂದೇ ಜಾತಿಯವು, ಕೊಳವೆಯಿಂದ ರೋಲರಿಗೆ, ರೋಲರಿನಿಂದ ಹಲಗೆಗೆ. ಅವಳು ಮೊದಲ ಕಪಾಟಿಗೆ ಹಾಕಿದ್ದನ್ನು ಅವನು ಎರಡನೆಯದಕ್ಕೆ ಹಾಕಿದ್ದ.

ಆ ಭಾನುವಾರ ಹೊಸ ಮನೆಯ ಬರಿ ನೆಲದ ಮೇಲೆ ಇಬ್ಬರೂ ಊಟಕ್ಕೆ ಕೂತಿದ್ದರು. ತಲೆಯೊಳಗೆ ಅದೇ ಕೊರೆಯುತ್ತಿತ್ತಾಗಿ ಅವಳು ಕೇಳಿದಳು.

‘ರೀ, ಒಂದು ಮಿಷನ್ನು. ಕೊಳವೆ ಬಣ್ಣಾನ ರೋಲರ್ ಮೇಲೆ ಚಿಮ್ಮತ್ತೆ, ರೋಲರು ಹಲಗೆಗೆ ಹಚ್ಚತ್ತೆ. ನೀವಾದ್ರೆ ಅದನ್ನ ಸ್ಪ್ರೇ ಅಂತೀರೋ, ರೋಲರ್ ಅಂತೀರೋ?’

‘ರೋಲರ್ರು.’

‘ಯಾಕೆ? ಬಣ್ಣ ಹೊರಗೆ ಬರೋದು ಕೊಳವೆಯಿಂದ ಅಲ್ವಾ?’

ಅವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ನಕ್ಕ. ‘ಬಣ್ಣ ಡಬ್ಬೀಲಿ ಹೇಗಿತ್ತು, ಎಲ್ಲಿಂದ ಬಂತು ಅಂತ ಹಲಗೆಗೆ ಏನು ಗೊತ್ತೇ? ಅದಕ್ಕೆ ತಗಲಿದ್ದು ರೋಲರ್ರು. ಕೆಟ್ಟರೆ ರೋಲರ್ ಗುರುತು ಬೀಳತ್ತೆ, ಸ್ಪ್ರೇದಲ್ಲ. ನಮ್ಮಲ್ಲಿ ನೆಲ ಗುಡಿಸೋನನ್ನ ಕೇಳಿದ್ರೂ ಹೇಳ್ತಾನೆ ಕಣೇ.’

ಗಂಡ ಹೇಳಿದ್ದನ್ನು ಅವಳು ಒಪ್ಪಲಿಲ್ಲ, ಅಲ್ಲಗಳೆಯಲೂ ಆಗಲಿಲ್ಲ. ಬಸ್ಸಿನಲ್ಲಿ ಆರು ಗಂಟೆ ಆ ಮಾತನ್ನೇ ತಿರುವಿಹಾಕುತ್ತ ಕೂತಳು.

ಸೋಮವಾರ ಕಚೇರಿಗೆ ಎಲ್ಲರಿಗಿಂತ ಮೊದಲು ಬಂದು, ತಾನು ಎಷ್ಟೋ ವರ್ಷದಿಂದ ತೆರೆಯದಿದ್ದ ನಿಯಮಗಳ ಪುಸ್ತಕ ತೆರೆದಳು. ಪುಸ್ತಕವೆಂದರೆ ಹೊಲಿದದ್ದಲ್ಲ, ದಪ್ಪ ಫೈಲು. ನಿಯಮ ಬದಲಾದಾಗಲೆಲ್ಲ ಹೊಸ ಹಾಳೆಗಳು ಬರುತ್ತವೆ. ಹಳೆಯ ಹಾಳೆ ಕಿತ್ತು ಹೊಸದನ್ನು ಸಿಕ್ಕಿಸಿ, ಕೆಳಗೆ ತಾರೀಖು ಹಾಕಿ ಸಹಿ ಮಾಡಬೇಕು. ಅವಳು ಕೆಲಸಕ್ಕೆ ಸೇರಿದಾಗ ಹಿರಿಯ ಗುಮಾಸ್ತರು ಉರುಹೊಡೆಸಿದ ಸಾಲು ಹೀಗಿತ್ತು: ದ್ರವವು ಯಂತ್ರದ ಯಾವ ಭಾಗದಿಂದ ಹೊರಬರುತ್ತದೋ ಅದನ್ನು ನೋಡಿ ವರ್ಗ ನಿರ್ಧರಿಸತಕ್ಕದ್ದು. ಈಗ ಎದುರಿಗಿದ್ದ ಹಾಳೆಯಲ್ಲಿ ಹೀಗಿತ್ತು: ದ್ರವವನ್ನು ಮೇಲ್ಮೈಗೆ ಕೊನೆಯದಾಗಿ ತಲುಪಿಸುವ ಭಾಗ ಯಾವುದೋ ಅದನ್ನು ನೋಡಿ ವರ್ಗ ನಿರ್ಧರಿಸತಕ್ಕದ್ದು. ಕೆಳಗೆ ಹದಿನಾಲ್ಕು ವರ್ಷ ಹಿಂದಿನ ತಾರೀಖು. ಅದರ ಪಕ್ಕದಲ್ಲಿ ಅವಳದೇ ಸಹಿ.

ಹಾಳೆ ಸಿಕ್ಕಿಸಿದವಳು ತಾನೇ. ಓದದೆ ಇದ್ದವಳೂ ತಾನೇ. ಬಾಯಿಪಾಠ ಬರುವವರು ಪುಸ್ತಕ ಯಾಕೆ ಓದುತ್ತಾರೆ? ಅರೆಬರೆ ತಿಳಿದವನಾಗಿದ್ದರೆ ಪ್ರತಿ ಸಲ ಹಾಳೆ ತಿರುವಿ, ಬೆರಳಿಟ್ಟು ಓದಿ, ಬಚಾವಾಗುತ್ತಿದ್ದ.

ನೂಲಪ್ಪ ಬಂದಾಗ ಅವಳು ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು, ‘ಇದು ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತಕ್ಕ. ಹಾಗೇ ಬರ್ದಿದ್ದೆ.’

‘ಮತ್ತೆ ಬಾಯಿಬಿಟ್ಟು ಹೇಳೋದಲ್ವಾ?’

‘ನೀವು ಇಪ್ಪತ್ತೆರಡು ವರ್ಷದಿಂದ ಇರೋರು. ನನಗೆ ಗೊತ್ತಿಲ್ದೇ ಇರೋದು ಇನ್ನೇನೋ ಇರಬೇಕು ಅಂದ್ಕೊಂಡೆ.’ ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ಅಕ್ಕ, ಮೂರನೇ ಪರೀಕ್ಷೆ ನಿಮ್ಮ ಥರಾನೇ ಬರೀತೀನಿ. ನೀವು ಹೊರಡಿ. ಆಮೇಲೆ ನಾನು ಹೇಗೋ ನೋಡ್ಕೋತೀನಿ. ನನಗೂ ಮತ್ತೆ ಆ ನೂಲಿನ ಕೋಣೆಗೆ ಹೋಗೋಕ್ಕೆ ಇಷ್ಟ ಇಲ್ಲ.’

ಬೇಡ ಎನ್ನಲು ಅವಳ ನಾಲಿಗೆ ಏಳಲಿಲ್ಲ. ಅದನ್ನು ಮುಚ್ಚಿಟ್ಟು ಅವಳನ್ನು ದೊಡ್ಡವಳನ್ನಾಗಿ ಮಾಡುವುದು ಕತೆ ಹೇಳುವ ನನಗೆ ಬೇಕಿಲ್ಲ. ಎರಡು ದಿನ ಅವಳು ತನ್ನ ತಪ್ಪನ್ನೇ ಅವನಿಗೆ ಪಾಠ ಹೇಳಿಕೊಟ್ಟಳು. ಅವನು ತುಟಿ ಅಲ್ಲಾಡಿಸುತ್ತ ಶ್ರದ್ಧೆಯಿಂದ ಕಲಿತ. ಮೂರನೆಯ ಪರೀಕ್ಷೆಯಲ್ಲಿ ತೊಂಬತ್ತಾರು ತಾಳೆಯಾದವು. ಮೇಡಂ ಇಬ್ಬರ ಕೈಯನ್ನೂ ಕುಲುಕಿದರು. ಅವಳು ಆ ಸಂಜೆಯೇ ಗಂಡನಿಗೆ ಫೋನ್ ಮಾಡಿದಳು. ‘ಮಂಚ ತರ್ಲಾ?’ ಎಂದು ಅವನು ಕೇಳಿದ. ‘ತನ್ನಿ’ ಎಂದಳು.

ಮರುದಿನ ಮೇಡಂ ಬಿಡುಗಡೆಯ ಆದೇಶವನ್ನು ಮೇಜಿನ ಮೇಲಿಟ್ಟು ಪೆನ್ನು ಕೊಟ್ಟರು. ಎಲ್ಲರೂ ಸಹಿ ಮಾಡುವ ಕಾಗದ, ಯಾರೂ ಓದದ ಕಾಗದ. ಬಣ್ಣದಕ್ಕನಿಗೆ ಆ ಸೋಮವಾರದಿಂದ ಓದದೆ ಸಹಿ ಹಾಕಲು ಕೈ ಬರುತ್ತಿರಲಿಲ್ಲ. ಓದಿದಳು. ನಾಲ್ಕನೆಯ ಸಾಲಿನಲ್ಲಿತ್ತು: ನನ್ನ ಸುಪರ್ದಿನ ಕಪಾಟುಗಳೆಲ್ಲವೂ ಚಾಲ್ತಿಯಲ್ಲಿರುವ ನಿಯಮಗಳ ಪ್ರಕಾರ ಸರಿಯಾಗಿವೆಯೆಂದು ದೃಢೀಕರಿಸುತ್ತೇನೆ.

ಅತ್ತ ದರಿ, ಇತ್ತ ಪುಲಿ. ಸಹಿ ಹಾಕಿದರೆ ಸಾಯಂಕಾಲದ ಬಸ್ಸು, ಹೊಸ ಮಂಚ, ದಿನಾ ಗಂಡನ ಜೊತೆ ಊಟ. ಹಾಕದಿದ್ದರೆ ಏನು ಎಂದು ಯೋಚಿಸಲೂ ಧೈರ್ಯವಿಲ್ಲ. ಕೊಳವೆ ಮತ್ತು ರೋಲರಿನ ಹಳೆಯ ಯಂತ್ರವನ್ನು ಹುಡುಕಿಕೊಂಡು ಎಷ್ಟು ಜನ ಪರೀಕ್ಷಕರು ಎರಡನೆಯ ಕಪಾಟಿಗೆ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದಾರೋ. ಯಾರ ಯಂತ್ರ ಯಾರ ಹೆಸರಿಗೆ ಹೋಗಿದೆಯೋ. ಅದಾದರೂ ಹೋಗಲಿ, ಅವರ ಮುಖ ಅವಳು ಕಂಡಿಲ್ಲ. ಆದರೆ ಮೇಡಂ ಕೋಣೆಯ ಕಿಟಕಿಯ ಆಚೆ ನೂಲಪ್ಪ ಕಾಣುತ್ತಿದ್ದ. ಅವಳ ಕುರ್ಚಿಯಲ್ಲಿ ಕೂತು, ತಪ್ಪೆಂದು ಗೊತ್ತಿದ್ದೂ ಅವಳ ರೀತಿಯಲ್ಲೇ ಒಂದು ಅರ್ಜಿಗೆ ಸಂಖ್ಯೆ ಬರೆಯುತ್ತಿದ್ದ.

ಅವಳು ಪೆನ್ನು ಕೆಳಗಿಟ್ಟಳು. ‘ಮೇಡಂ, ಅವರ ಮೊದಲನೇ ಪರೀಕ್ಷೆನೇ ಸರಿ ಇತ್ತು. ತಪ್ಪು ನಂದು.’

ಮೇಡಂ ಕೆಟ್ಟವರಲ್ಲ. ಕೂಗಾಡಲಿಲ್ಲ. ಪುಸ್ತಕ ತರಿಸಿ ಹಾಳೆ ನೋಡಿದರು, ತಾರೀಖು ನೋಡಿದರು, ತಲೆ ಹಿಡಿದುಕೊಂಡರು. ‘ಎಷ್ಟು ಫೈಲು ಇರಬಹುದು?’

‘ಮೊದಲನೇ ಕಪಾಟಲ್ಲಿ ಆ ಹದಿನಾಲ್ಕು ವರ್ಷದ್ದು ಹತ್ತು ಸಾವಿರದ ಎಂಟುನೂರು. ಅದರಲ್ಲಿ ಯಾವುದು ತಪ್ಪು ಅಂತ ಒಂದೊಂದೂ ಬಿಚ್ಚಿ ನೋಡ್ಬೇಕು.’

‘ಯಾರು ನೋಡ್ತಾರೆ?’ ಎಂದು ಕೇಳಿದ ಮೇಡಂಗೆ ಉತ್ತರ ತಾನಾಗಿಯೇ ಹೊಳೆಯಿತು. ನೂಲಪ್ಪನಿಗೆ ದಿನದ ಕೆಲಸವೇ ಹೊರೆಯಷ್ಟು. ಇವಳು ಯಾವ ಕಡೆಗೆ ವಾಲಿ ತಪ್ಪಿದ್ದಾಳೆಂದು ಇವಳಿಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಲೆಕ್ಕ ಅವರೇ ಹಾಕಿದರು: ದಿನಕ್ಕೆ ಹನ್ನೆರಡು ಫೈಲು, ಮೂರು ವರ್ಷ. ನೂಲಪ್ಪನಿಗೆ ಅವಳ ಮೇಜು ಖಾಯಂ ಆಯಿತು. ಅವಳಿಗೆ ಕಪಾಟುಗಳ ಹಿಂದೆ, ಕಿಟಕಿ ಇಲ್ಲದ ಜಾಗದಲ್ಲಿ, ಒಂದು ಮೇಜು ಹಾಕಿಸಿದರು. ಬಿಡುಗಡೆಯ ಆದೇಶವನ್ನು ಮೇಡಂ ತಮ್ಮ ಕೈಯಾರೆ ಹರಿದರು, ಹರಿಯುವಾಗ ಅವರ ಕಣ್ಣೂ ಒದ್ದೆಯಾಗಿತ್ತು. ಬಾಗಿಲವರೆಗೆ ಬಂದು, ಉಪಕಾರ ಮಾಡುವ ದನಿಯಲ್ಲಿ ಇನ್ನೊಂದು ಮಾತು ಹೇಳಿದರು. ಅವಳು ತಲೆ ಎತ್ತದೆ ಹೂಂ ಅಂದು ಬಂದಳು.

ಗಂಡನಿಗೆ ಫೋನ್ ಮಾಡಿದಾಗ ಆ ಕಡೆ ಮೊಳೆ ಹೊಡೆಯುವ ಸದ್ದು. ಮಂಚ ಜೋಡಿಸುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಸದ್ದು ನಿಂತಿತು.

‘ಮೂರು ವರ್ಷ’ ಎಂದ ಅವನು.

‘ಭಾನುವಾರಾನೂ ಬಂದು ಮಾಡಿದ್ರೆ ಎರಡೂವರೆಗೆ ಮುಗಿಯತ್ತಂತೆ. ಮೇಡಂ ನನಗೋಸ್ಕರ ಬಾಗಿಲು ತೆಗೆಸ್ತಾರಂತೆ.’

‘ಬೇಡ ಕಣೇ’ ಎಂದ ಅವನು ತಕ್ಷಣ. ‘ಹನ್ನೊಂದು ವರ್ಷ ಕಾದಿದ್ದೀವಿ, ಇನ್ನು ಮೂರು ಯಾವ ಲೆಕ್ಕ? ಭಾನುವಾರ ಬಿಡಬೇಡ. ಭಾನುವಾರ ನೀನು ಬರ್ತೀಯ ಅಂತಾನೇ ನಾನು ವಾರ ಪೂರ್ತಿ ಆ ಗನ್ ಹಿಡಿಯೋದು. ಬಂದುಬಿಡು.’

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು. ಭಾನುವಾರವೂ ಕಚೇರಿಗೆ ಬನ್ನಿ ಎಂದು ಬೆಳಿಗ್ಗೆ ಮೇಡಂ ಬಾಗಿಲಲ್ಲಿ ಹೇಳಿದ್ದಕ್ಕೆ ಅವಳು ಆಗಲೇ ಹೂಂ ಅಂದಾಗಿತ್ತು.